ಡೆಡ್‌ಲೈನ್ ಅನ್ನೋ ಗೆರೆ

'ಡೆಡ್‌ಲೈನ್ ಮುಗೀತು, ಸ್ಕ್ರಿಪ್ಟ್ ಎಲ್ಲಿ?' ನಮ್ಮ ನ್ಯೂಸ್ ರೂಮಿನಲ್ಲಿ ದಿನವೂ ಕೇಳಿಬರೋ ಮಾತು ಇದು. ನಿಮಗೂ ಹೊಸದೇನಲ್ಲ. ತೆರಿಗೆ ಕಟ್ಟೋದಕ್ಕೆ ಡೆಡ್‌ಲೈನ್, ಕಾಲೇಜಿನ ಅರ್ಜಿಗೂ ಡೆಡ್‌ಲೈನ್. ಗಡುವು ಅಂತ ಒಳ್ಳೆಯ ಕನ್ನಡ ಪದವಿದ್ದರೂ ಬಾಯಿಗೆ ಬರೋದು ಇದೇ. ಆದರೆ ಗಡುವಿನಲ್ಲಿ ಸಾವಿಗೇನು ಕೆಲಸ?

ಉತ್ತರಕ್ಕಾಗಿ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹೋಗಬೇಕು. 1864ರ ಫೆಬ್ರವರಿಯಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ದಕ್ಷಿಣದವರು ಯುದ್ಧಕೈದಿಗಳ ಶಿಬಿರ ತೆರೆದರು. 10 ಸಾವಿರ ಜನಕ್ಕೆಂದು ಮಾಡಿದ ಜಾಗ. ಆಗಸ್ಟ್ ಹೊತ್ತಿಗೆ ಅಲ್ಲಿ 32 ಸಾವಿರಕ್ಕೂ ಹೆಚ್ಚು ಉತ್ತರದ ಸೈನಿಕರಿದ್ದರು. ಸುತ್ತ ಮರದ ದಿಮ್ಮಿಗಳ ಎತ್ತರದ ಗೋಡೆ. ಆ ಗೋಡೆಯಿಂದ ಸುಮಾರು 19 ಅಡಿ ಒಳಗೆ, ಗೂಟ ನೆಟ್ಟು ಅಡ್ಡಪಟ್ಟಿ ಬಡಿದ ಒಂದು ಸಾಮಾನ್ಯ ಬೇಲಿ. ಅದೇ ಡೆಡ್ ಲೈನ್. ದಾಟಿದವನಿಗೆ ಕಾವಲುಗಾರರ ಗುಂಡು.

ದಾಟಿದವರೆಲ್ಲ ಓಡಿಹೋಗಲು ಹೊರಟವರಲ್ಲ ನೋಡಿ. ಶಿಬಿರದ ನಡುವೆ ಹರಿಯುತ್ತಿದ್ದ ತೊರೆ ಹೊಲಸಾಗಿತ್ತು. ಸ್ವಲ್ಪ ತಿಳಿನೀರು ಸಿಗಲಿ ಅಂತ ಬೇಲಿಯ ಕೆಳಗೆ ಕೈ ಚಾಚಿದವರೂ ಸತ್ತರು. ಹಸಿವು, ಭೇದಿ, ಸ್ಕರ್ವಿ ಉಳಿದವರನ್ನು ಕಾಡಿದವು. ಒಟ್ಟು ಸುಮಾರು 45 ಸಾವಿರ ಕೈದಿಗಳಲ್ಲಿ 13 ಸಾವಿರದಷ್ಟು ಮಂದಿ ಮನೆಗೆ ಮರಳಲಿಲ್ಲ. ಯುದ್ಧ ಮುಗಿದ ಮೇಲೆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನ ವಿಚಾರಣೆ ನಡೆಯಿತು. ಡೆಡ್ ಲೈನ್ ಹೆಸರಲ್ಲಿ ನಡೆದ ಕೊಲೆಗಳೂ ಆರೋಪಪಟ್ಟಿಯಲ್ಲಿದ್ದವು. 1865ರ ನವೆಂಬರ್ 10ರಂದು ವಾಷಿಂಗ್ಟನ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆಮೇಲೆ ಈ ಪದ ಅಚ್ಚುಕೂಟದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಮುದ್ರಣಯಂತ್ರದ ಮೇಲಿನ ಒಂದು ಗೆರೆಗೆ ಆ ಹೆಸರು. ಅದರಾಚೆ ಜೋಡಿಸಿದ ಮೊಳೆ ಸರಿಯಾಗಿ ಅಚ್ಚಾಗುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಪತ್ರಿಕೆಯವರು ಸುದ್ದಿ ಕೊಡಬೇಕಾದ ಕೊನೆ ಹೊತ್ತಿಗೆ ಇದನ್ನು ಬಳಸತೊಡಗಿದರು. ನೆಲದ ಮೇಲಿನ ಗೆರೆ ಗಡಿಯಾರದ ಮುಳ್ಳಿಗೆ ಬಂತು.

ಈ ವೃತ್ತಿಗೆ ಬಂದ ಹೊಸತರಲ್ಲಿ ಒಂಬತ್ತು ಗಂಟೆಯ ಬುಲೆಟಿನ್‌ನಲ್ಲಿ ಒಂದು ಬಸ್ ಅಪಘಾತದ ಸುದ್ದಿ ಓದಿದ್ದೆ. ಸತ್ತವರ ಪಟ್ಟಿಯಲ್ಲಿ ಒಬ್ಬ ಹುಡುಗನ ಹೆಸರಿತ್ತು. ಆಸ್ಪತ್ರೆಗೊಂದು ಫೋನ್ ಮಾಡಿ ಕೇಳೋಕೆ ಎರಡು ನಿಮಿಷ ಸಾಕಿತ್ತು. ಮಾಡಲಿಲ್ಲ. ಹುಡುಗ ಬದುಕಿದ್ದ. ಆದರೆ ಅವನ ತಾಯಿ ಟೀವಿ ಮುಂದೆ ಕೂತಿದ್ದರು. ಆಮೇಲೆ ಫೋನಿನಲ್ಲಿ ಅವರು ನನ್ನನ್ನು ಬೈಯಲಿಲ್ಲ. 'ಒಂದು ಸಲ ಕೇಳಿ ಹೇಳಬಾರದಿತ್ತೇನಪ್ಪಾ?' ಅಂದರು, ಅಷ್ಟೇ.

ಅವತ್ತು ನಾನು ಡೆಡ್‌ಲೈನ್ ದಾಟಿರಲಿಲ್ಲ. ಸುದ್ದಿ ಸರಿಯಾದ ಹೊತ್ತಿಗೇ ಹೋಗಿತ್ತು. ಈಗ ಸಾವಿನ ಸುದ್ದಿ ಕೈಗೆ ಬಂದರೆ, ಖಚಿತ ಆಗೋವರೆಗೂ ಓದಲ್ಲ ಅಂತೀನಿ. ನಮ್ಮ ಗೆರೆ ದಾಟಿದರೆ ಯಾರೂ ಗುಂಡು ಹೊಡೆಯಲ್ಲ. ಹೆಚ್ಚೆಂದರೆ ಇನ್ನೊಂದು ಚಾನೆಲ್ ಮೊದಲು ಹೇಳುತ್ತೆ. ಹೇಳಲಿ ಬಿಡಿ.