ಹೈಡ್ ಪಾರ್ಕಿನ ಚಾವಣಿ ಮೇಲಿನವರು



ಲಾಲ್‌ಬಾಗಿನ ಗಾಜಿನ ಮನೆ ನಮಗೆ ಹೊಸದಲ್ಲ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಅದರೊಳಗೆ ಒಮ್ಮೆಯಾದರೂ ಸಿಕ್ಕಿಕೊಂಡವರು ಇಲ್ಲಿ ಬಹಳ ಮಂದಿ ಇರಬೇಕು. 1889ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು; ಕಬ್ಬಿಣ ಗ್ಲಾಸ್ಗೋದಿಂದ ಬಂತು. ಅದಕ್ಕೆ ಸ್ಫೂರ್ತಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಆ ಅರಮನೆಯ ಮಾತು ಬಂದಾಗಲೆಲ್ಲ ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಬರುತ್ತಾನೆ, ವಿಕ್ಟೋರಿಯಾ ರಾಣಿ ಬರುತ್ತಾಳೆ. ನಾನಿಂದು ಹೇಳಹೊರಟಿರುವುದು ಅದರ ಚಾವಣಿಯ ಮೇಲೆ ಕೂತು ಗಾಜು ಕೂರಿಸಿದವರ ವಿಷಯ. ಈ ದೇಶದಲ್ಲಿ ಅವರಿಗೆ ಗ್ಲೇಜಿಯರ್ ಎನ್ನುತ್ತಾರೆ.

ಮೊದಲು ಗಾಜಿನ ಸಂಗತಿ. 1845ರವರೆಗೆ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ಭಾರೀ ಸುಂಕವಿತ್ತು. ಅದು ತೊಲಗಿದ ಮೇಲೆಯೇ ಇಂಥ ಕಟ್ಟಡದ ಯೋಚನೆ ಸಾಧ್ಯವಾದದ್ದು. ಗಾಜು ಒದಗಿಸಿದ್ದು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನ ಚಾನ್ಸ್ ಬ್ರದರ್ಸ್ ಕಾರ್ಖಾನೆ. ಕಾದ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಹತ್ತಿಸಿಕೊಂಡು, ಊದುತ್ತ, ತೂಗಾಡಿಸುತ್ತ ಉದ್ದನೆಯ ಉರುಳೆ ಮಾಡಬೇಕು. ಆಮೇಲೆ ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಕುಲುಮೆಯಲ್ಲಿಟ್ಟು ಹಾಳೆಯಂತೆ ಬಿಡಿಸಬೇಕು. ಸುಮಾರು ಮೂರು ಲಕ್ಷ ಹಾಳೆಗಳನ್ನು ಮಾಡಿದ್ದು ಹೀಗೆ, ಮನುಷ್ಯರ ಉಸಿರಿನಿಂದ. ಈ ವಿದ್ಯೆಯಲ್ಲಿ ನುರಿತವರು ಇಲ್ಲಿ ಸಾಲದೆ ಫ್ರಾನ್ಸಿನಿಂದ ಊದುವವರನ್ನು ಕರೆಸಿಕೊಂಡರು. (ಸ್ಕಿಲ್ಡ್ ವರ್ಕರ್ ವೀಸಾ ಎಂಬ ಹೆಸರೊಂದು ಆಗ ಇರಲಿಲ್ಲ, ಅಷ್ಟೇ.)

ಒಂದೊಂದು ಹಾಳೆ 49 ಅಂಗುಲ ಉದ್ದ, 10 ಅಂಗುಲ ಅಗಲ. ತೂಕ ಒಂದೂವರೆ ಕಿಲೋ. ಗುತ್ತಿಗೆದಾರರಾದ ಫಾಕ್ಸ್ ಹೆಂಡರ್ಸನ್ ಕಂಪನಿಯ ಕೈಗೆ ಜಾಗ ಬಂದದ್ದು 1850ರ ಜುಲೈ ಕೊನೆಯಲ್ಲಿ. ಪ್ರದರ್ಶನದ ಉದ್ಘಾಟನೆ 1851ರ ಮೇ 1ಕ್ಕೆ. ನಡುವೆ ಇದ್ದದ್ದು ಲಂಡನ್ನಿನ ಚಳಿಗಾಲ. ಒದ್ದೆ ಕೈಯಲ್ಲಿ ಗಾಜು ಹಿಡಿಯುವ ಕಷ್ಟ ಹಿಡಿದವರಿಗೇ ಗೊತ್ತು.

ಅದಕ್ಕೊಂದು ಉಪಾಯ ಹುಡುಕಿದರು. ಮಳೆನೀರು ಹರಿಯಲೆಂದು ಮಾಡಿದ್ದ ಚಾವಣಿಯ ಕಾಲುವೆಗಳನ್ನೇ ಹಳಿ ಮಾಡಿಕೊಂಡು, ಅವುಗಳ ಮೇಲೆ ಓಡುವ ಗಾಲಿಬಂಡಿ ಕಟ್ಟಿದರು. ಮೇಲೆ ಕ್ಯಾನ್ವಾಸ್ ಹೊದಿಕೆ. ಕೆಲಸಗಾರ ಅದರಲ್ಲಿ ಕೂತು ಮುಂದಿನ ಗಾಜನ್ನು ಮರದ ಪಟ್ಟಿಯ ಗಾಡಿಗೆ ಸೇರಿಸಿ, ಪುಟ್ಟಿ ಮೆತ್ತಿ, ಬಂಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತಿದ್ದ. ಹೊಲದಲ್ಲಿ ನಾಟಿ ಹಾಕುವವರು ಹಿಂದೆ ಸರಿಯುತ್ತಾರಲ್ಲ, ಹಾಗೆ.

ಈ ಬಂಡಿಯನ್ನು ಎಂಜಿನಿಯರಿಂಗ್ ಜಾಣ್ಮೆಯೆಂದು ಪುಸ್ತಕಗಳು ಹೊಗಳುತ್ತವೆ. ನಿಜ, ಮಳೆಗೆ ನೆರಳಾಯಿತು, ಅಟ್ಟಣಿಗೆ ಉಳಿಯಿತು. ಆದರೆ ಎಲ್ಲರೂ ಒಂದೇ ಅಳತೆಯ ಗಾಜನ್ನು ಒಂದೇ ರೀತಿ ಕೂರಿಸುವಾಗ ಯಾರು ಎಷ್ಟು ಮಾಡಿದರೆಂದು ಎಣಿಸುವುದೂ ಸುಲಭವಾಯಿತು ಎಂಬುದು ನನ್ನ ಅನಿಸಿಕೆ. ಎಣಿಸಿಯೂ ಎಣಿಸಿದರು. ಎಂಬತ್ತು ಜನ ಒಂದು ವಾರದಲ್ಲಿ 18,000ಕ್ಕೂ ಹೆಚ್ಚು ಗಾಜು ಕೂರಿಸಿದರು. ವಾರಕ್ಕೆ ಆರು ದಿನವೆಂದರೂ ತಲೆಗೆ ದಿನಕ್ಕೆ ಸುಮಾರು 37. ಒಬ್ಬನಂತೂ ಒಂದೇ ದಿನ 108 ಕೂರಿಸಿದ. ನಾನು ಓದಿದ ವರದಿಗಳಲ್ಲಿ ಅವನು ಬರೀ ‘ಒಬ್ಬ ಆಳು’. ಸಂಖ್ಯೆ ಇದೆ, ಹೆಸರಿಲ್ಲ. ಟಾರ್ಗೆಟ್ಟಿನ ಕೆಳಗೆ ದುಡಿಯುವ ನಮಗೆ ಒಂದು ವಿಷಯ ಗೊತ್ತು: ಒಬ್ಬ 108 ಮಾಡಿದ ಮರುದಿನ 37 ಮಾಡಿದವನು ಸೋಮಾರಿಯಂತೆ ಕಾಣತೊಡಗುತ್ತಾನೆ.

ಆ ಚಳಿಗಾಲದಲ್ಲೇ ಗಾಜಿನ ಕೆಲಸಗಾರರು ಹೆಚ್ಚು ಕೂಲಿ ಕೇಳಿ ಮುಷ್ಕರ ಹೂಡಿದರು. ಗಡುವು ಹತ್ತಿರವಿತ್ತು, ಪಟ್ಟು ಹಿಡಿಯಲು ಒಳ್ಳೆಯ ಸಮಯವೇ. ಆದರೆ ಮುಂದಾಳುಗಳನ್ನು ಕೆಲಸದಿಂದ ತೆಗೆದರು, ಉಳಿದವರು ಬಂಡಿ ಹತ್ತಿದರು. ಚಾವಣಿ ಮುಗಿಯಿತು, ಪ್ರದರ್ಶನ ಹೇಳಿದ ದಿನವೇ ತೆರೆಯಿತು, ಅರುವತ್ತು ಲಕ್ಷ ಜನ ನೋಡಿಹೋದರು. ಪ್ಯಾಕ್ಸ್‌ಟನ್‌ಗೂ ಗುತ್ತಿಗೆದಾರ ಚಾರ್ಲ್ಸ್ ಫಾಕ್ಸ್‌ಗೂ ಸರ್ ಪದವಿ ಸಿಕ್ಕಿತು.

ಮರುವರ್ಷ ಕಟ್ಟಡ ಬಿಚ್ಚಿ, ದಕ್ಷಿಣ ಲಂಡನ್ನಿನ ಸಿಡ್ನಮ್‌ಗೆ ಸಾಗಿಸಿ, ಇನ್ನೂ ದೊಡ್ಡದಾಗಿ ಕಟ್ಟತೊಡಗಿದರು. 1853ರ ಆಗಸ್ಟ್ 15ರಂದು ಅಲ್ಲಿ ಅಟ್ಟಣಿಗೆ ಕುಸಿದು ಹನ್ನೆರಡು ಕೆಲಸಗಾರರು ಸತ್ತರು. ಕೆಲಸ ಮುಂದುವರಿಯಿತು, 1854ರ ಜೂನ್‌ನಲ್ಲಿ ರಾಣಿ ಬಂದು ಉದ್ಘಾಟಿಸಿದಳು.