ಕುಟುಂಬ ನಿರ್ವಹಣೆಯ ಹೋಟೆಲ್‌ಗಳ ಸುಸ್ಥಿರ ಬೆಳವಣಿಗೆ: ತಜ್ಞರ ಸಲಹೆ ಪಡೆಯುವ ಕುರಿತು ಮಾಹಿತಿ

1. ಪೀಠಿಕೆ

ರಾಜ್ಯದ ಪಟ್ಟಣಗಳಲ್ಲಿರುವ ಅನೇಕ ಹೋಟೆಲ್, ಖಾನಾವಳಿ ಹಾಗೂ ದರ್ಶಿನಿಗಳನ್ನು ಒಂದೇ ಕುಟುಂಬದ ಸದಸ್ಯರು ನಡೆಸುತ್ತಾರೆ. ಗಿರಾಕಿಗಳು ಹೆಚ್ಚಿದಂತೆ ಎರಡನೆಯ ಶಾಖೆ ತೆರೆಯುವ ಆಲೋಚನೆ ಬರುವುದು ಸಹಜ. ಆದರೆ ಸಾಲ ಪಡೆಯುವ ಮೊದಲು ಈಗಿರುವ ಹೋಟೆಲ್ ನಿಜವಾಗಿ ಲಾಭದಲ್ಲಿದೆಯೇ ಎಂಬುದನ್ನು ಹೊರಗಿನ ತಜ್ಞರಿಂದ ಪರಿಶೀಲಿಸಿಕೊಳ್ಳುವುದು ಸೂಕ್ತ. ಹೊರಗಿನಿಂದ ಕಲಿಯುವುದು ಈ ಉದ್ಯಮಕ್ಕೆ ಹೊಸದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲಿನ ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ, ಅಲ್ಲಿ ಕಂಡ ಶುಚಿತ್ವದ ಕ್ರಮಗಳನ್ನು ತಮ್ಮ ಹೋಟೆಲಿನಲ್ಲಿ ಜಾರಿಗೆ ತಂದರು.

2. ಮನೆಯವರ ದುಡಿಮೆಯ ಲೆಕ್ಕ

ಕುಟುಂಬದ ಸದಸ್ಯರು ಸಾಮಾನ್ಯವಾಗಿ ಸಂಬಳ ಪಡೆಯುವುದಿಲ್ಲ. ಆದುದರಿಂದ ಅವರ ದುಡಿಮೆ ಖರ್ಚಿನ ಪುಸ್ತಕದಲ್ಲಿ ಕಾಣುವುದಿಲ್ಲ.

ಉದಾಹರಣೆ: ಒಂದು ಹೋಟೆಲಿನ ಮಾಸಿಕ ವ್ಯಾಪಾರ 5,00,000 ರೂ. ಎಂದಿರಲಿ. ದಿನಸಿ, ತರಕಾರಿ, ಹಾಲು, ಗ್ಯಾಸ್ ಮುಂತಾದವುಗಳಿಗೆ 2,50,000 ರೂ.; ಬಾಡಿಗೆ, ಕೆಲಸಗಾರರ ವೇತನ ಮತ್ತು ವಿದ್ಯುತ್ತಿಗೆ 1,90,000 ರೂ. ವೆಚ್ಚವಾದರೆ 60,000 ರೂ. ಉಳಿಯುತ್ತದೆ. ಇದು ಲಾಭವೆಂದು ತೋರುತ್ತದೆ. ಆದರೆ ಅಡುಗೆ, ಗಲ್ಲಾ ಹಾಗೂ ಖರೀದಿ ನೋಡಿಕೊಳ್ಳುವ ಮನೆಯ ಮೂವರಿಗೆ ತಲಾ 20,000 ರೂ. ವೇತನ ಹಿಡಿದರೆ ಉಳಿಕೆ ಏನೂ ಇರುವುದಿಲ್ಲ.

ಎರಡನೆಯ ಶಾಖೆಯಲ್ಲಿ ಈ ಮೂವರ ಸ್ಥಾನಕ್ಕೆ ಸಂಬಳದ ಕೆಲಸಗಾರರನ್ನೇ ನೇಮಿಸಬೇಕಾಗುತ್ತದೆ. ಅಷ್ಟೇ ವ್ಯಾಪಾರವಾದರೆ ಸಾಲದ ಕಂತು ಮನೆಯ ಖರ್ಚಿನ ಹಣದಿಂದಲೇ ಹೋಗುತ್ತದೆ. ಕಂತು 25,000 ರೂ. ಇದ್ದಲ್ಲಿ, ಪ್ರತಿ 100 ರೂ. ವ್ಯಾಪಾರದಲ್ಲಿ 50 ರೂ. ಮಾತ್ರ ಉಳಿಯುವುದರಿಂದ, ಹೊಸ ಶಾಖೆಯು ಕನಿಷ್ಠ 5,50,000 ರೂ. ವ್ಯಾಪಾರ ಮಾಡಿದರಷ್ಟೇ ಅಸಲು ಗಿಟ್ಟುತ್ತದೆ.

3. ತಜ್ಞರು ಪರಿಶೀಲಿಸಬೇಕಾದ ವಿಷಯಗಳು

(ಅ) ಪ್ರತಿ ತಿನಿಸಿನ ಅಸಲು ವೆಚ್ಚ ಮತ್ತು ಮಾರಾಟ ದರ.
(ಆ) ಕೈ ಅಳತೆಯಲ್ಲಿರುವ ಅಡುಗೆಯನ್ನು ತೂಕದ ಪಟ್ಟಿಯಾಗಿ ಬರೆದಿಡುವುದು. ಹಿರಿಯರಿಗೆ ಮಾತ್ರ ಗೊತ್ತಿರುವ ಸಾಂಬಾರ್ ಪುಡಿಯ ಪ್ರಮಾಣ ಬರಹದಲ್ಲಿ ಇಲ್ಲದಿದ್ದರೆ ಎರಡನೆಯ ಶಾಖೆಯಲ್ಲಿ ಅದೇ ರುಚಿ ದೊರೆಯುವುದು ಕಷ್ಟ.
(ಇ) ದಿನದ ಕೊನೆಯಲ್ಲಿ ಉಳಿಯುವ ಆಹಾರದ ದಾಖಲೆ.
(ಈ) ಕರಿದ ಎಣ್ಣೆಯ ಬಳಕೆ. ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವುದನ್ನು 1-7-2018 ರಿಂದ ನಿಷೇಧಿಸಲಾಗಿದೆ.
(ಉ) ಮನೆ ಮತ್ತು ಹೋಟೆಲಿನ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ; ದುಡಿಯುವ ಸದಸ್ಯರಿಗೆ ನಿಗದಿತ ವೇತನ.
(ಊ) ಮುಂದಿನ ತಲೆಮಾರಿನವರ ಹಕ್ಕು ಮತ್ತು ಹೊಣೆಗಳನ್ನು ತಿಳಿಸುವ ಲಿಖಿತ ಪಾಲುದಾರಿಕೆ ಪತ್ರ.

4. ಸಲಹೆ ದೊರೆಯುವ ಸ್ಥಳಗಳು

ಪ್ರಾಥಮಿಕ ಮಾರ್ಗದರ್ಶನಕ್ಕಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು. ಯೋಜನಾ ವರದಿಗಾಗಿ 1976ರಲ್ಲಿ ಸ್ಥಾಪನೆಯಾದ ಟೆಕ್ಸಾಕ್ ಸಂಸ್ಥೆಯನ್ನೂ, ಆಹಾರ ತಂತ್ರಜ್ಞಾನದ ವಿಷಯಗಳಿಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನೂ ವಿಚಾರಿಸಬಹುದು. ಲೆಕ್ಕಪತ್ರ ಮತ್ತು ತೆರಿಗೆ ವಿಷಯಗಳಲ್ಲಿ ಸನ್ನದು ಪಡೆದ ಲೆಕ್ಕಪರಿಶೋಧಕರ ಸಲಹೆ ಅಗತ್ಯ.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(ಅ) ಕಳೆದ 12 ತಿಂಗಳ ವ್ಯಾಪಾರ ಮತ್ತು ಖರೀದಿಯ ವಿವರ.
(ಆ) ಬ್ಯಾಂಕ್ ಖಾತೆಯ ವಿವರ ಹಾಗೂ ಈಗಿರುವ ಸಾಲಗಳ ಪಟ್ಟಿ.
(ಇ) ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ, ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ.
(ಈ) ಬಾಡಿಗೆ ಕರಾರು ಪತ್ರ.
(ಉ) ಉದ್ಯಮ್ ನೋಂದಣಿ ಪತ್ರ. 1-7-2020 ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಹೋಟೆಲ್‌ಗಳು ಸೇವಾ ಉದ್ಯಮವಾಗಿ ಪಡೆಯಬಹುದು. ಇದಕ್ಕೆ ಸರ್ಕಾರಿ ಶುಲ್ಕವಿಲ್ಲ.

6. ಸಾಲದ ಬಗ್ಗೆ

2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯಡಿ ಬ್ಯಾಂಕುಗಳು 10 ಲಕ್ಷ ರೂ. ವರೆಗೆ ಸಾಲ ನೀಡುತ್ತವೆ. ತರುಣ್ ವರ್ಗದ ಸಾಲವನ್ನು ಸರಿಯಾಗಿ ಮರುಪಾವತಿ ಮಾಡಿದವರಿಗೆ 2024ರಿಂದ ಈ ಮಿತಿಯನ್ನು 20 ಲಕ್ಷ ರೂ.ಗಳಿಗೆ ಹೆಚ್ಚಿಸಲಾಗಿದೆ. ಸಾಲ ಮಂಜೂರಾತಿಯು ಬ್ಯಾಂಕಿನ ತೀರ್ಮಾನಕ್ಕೆ ಒಳಪಟ್ಟಿರುತ್ತದೆ.

7. ಸಾರ್ವಜನಿಕರಿಗೆ ಸೂಚನೆ

ಸಲಹೆಗಾರರೊಂದಿಗೆ ಕೆಲಸದ ವ್ಯಾಪ್ತಿ, ಅವಧಿ ಮತ್ತು ಶುಲ್ಕವನ್ನು ಲಿಖಿತ ಕರಾರಿನಲ್ಲಿ ನಮೂದಿಸತಕ್ಕದ್ದು. ಶುಲ್ಕವನ್ನು ಹಂತ ಹಂತವಾಗಿ ಪಾವತಿಸುವುದು ಒಳಿತು. ಅಡುಗೆಯ ಪ್ರಮಾಣಗಳನ್ನು ಬೇರೆಯವರಿಗೆ ನೀಡಬಾರದೆಂಬ ಷರತ್ತನ್ನು ಸೇರಿಸಬೇಕು. ಸಾಲ ಅಥವಾ ಸಹಾಯಧನ ಖಚಿತವಾಗಿ ಕೊಡಿಸುವುದಾಗಿ ಹೇಳಿ ಮುಂಗಡ ಕೇಳುವವರನ್ನು ನಂಬಬಾರದು. ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಮೊಬೈಲ್‌ಗೆ ಬರುವ ಓಟಿಪಿಯನ್ನು ಯಾರಿಗೂ ತಿಳಿಸಬಾರದು.

ತಜ್ಞರ ವರದಿಯನ್ನು ಹೋಟೆಲಿನಲ್ಲಿ ದುಡಿಯುವ ಮನೆಯ ಎಲ್ಲ ಸದಸ್ಯರೂ ಒಟ್ಟಿಗೆ ಕುಳಿತು ಪರಿಶೀಲಿಸತಕ್ಕದ್ದು. ಅಡುಗೆಮನೆಯಲ್ಲಿ ದುಡಿಯುವ ಮಹಿಳೆಯರ ಅಭಿಪ್ರಾಯವನ್ನು ತಪ್ಪದೆ ಕೇಳಬೇಕು. ಈಗ ಶಾಖೆ ಬೇಡವೆಂಬ ಸಲಹೆ ಬಂದಲ್ಲಿ ಅದನ್ನು ಹಿನ್ನಡೆ ಎಂದು ಭಾವಿಸಬೇಕಾಗಿಲ್ಲ. ಇರುವ ಹೋಟೆಲಿನ ಲೆಕ್ಕವನ್ನು ಸರಿಪಡಿಸಿಕೊಂಡು ಒಂದು ವರ್ಷದ ನಂತರ ಮತ್ತೆ ಪರಿಶೀಲಿಸಬಹುದು. ಅಂತಿಮ ತೀರ್ಮಾನ ಕುಟುಂಬದ್ದೇ ಆಗಿರುತ್ತದೆ.