ಬಾಡಿಗೆ ಮನೆಯ ಮುಂಗಡ: ಬೆಂಗಳೂರಿನ ಒಂದು ರೂಢಿಯ ಹಿನ್ನೆಲೆ

ಬೆಂಗಳೂರಿನಲ್ಲಿ ಮೊದಲ ಬಾರಿಗೆ ಬಾಡಿಗೆ ಮನೆ ಹಿಡಿಯುವವರ ಖರ್ಚಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬತ್ತು ಮುಂಗಡ, ಅಂದರೆ ಮನೆ ಬಿಡುವಾಗ ಬಡ್ಡಿಯಿಲ್ಲದೆ ಹಿಂದಿರುಗಿಸುವ ಷರತ್ತಿನ ಮೇಲೆ ಮಾಲೀಕನಿಗೆ ಮೊದಲೇ ಒಪ್ಪಿಸುವ ಇಡುಗಂಟು. ಹತ್ತು ತಿಂಗಳ ಬಾಡಿಗೆಯಷ್ಟನ್ನು ಹೀಗೆ ಕೇಳುವುದು ಇಲ್ಲಿ ಬಹುಕಾಲ ರೂಢಿಯಲ್ಲಿದ್ದುದರಿಂದ, 20,000 ರೂಪಾಯಿ ಬಾಡಿಗೆಯ ಮನೆಗೆ 2 ಲಕ್ಷ ಮುಂಗಡ, ಮೊದಲ ತಿಂಗಳ ಬಾಡಿಗೆ ಮತ್ತು ಬ್ರೋಕರಿಗೆ ಸಲ್ಲುವ ಇನ್ನೊಂದು ತಿಂಗಳ ಬಾಡಿಗೆ ಸೇರಿ, ಸಾಮಾನು ಸಾಗಿಸುವ ಮತ್ತು ಹಾಲುಕ್ಕಿಸುವ ವೆಚ್ಚಕ್ಕೆ ಮೊದಲೇ 2.4 ಲಕ್ಷ ಹೊಂದಿಸಬೇಕಾಗುತ್ತಿತ್ತು.

ಈ ಹೊರೆಯನ್ನು ಮಾಲೀಕರ ದುರಾಸೆಯೆಂದಷ್ಟೇ ಬಗೆಯುವುದು ಸುಲಭವಾದರೂ, ಅದರ ಬೆಳವಣಿಗೆಯಲ್ಲಿ ಬಾಡಿಗೆದಾರನ ರಕ್ಷಣೆಗೆಂದೇ ಬಂದ ಕಾನೂನಿನ ಪಾಲೂ ಇದ್ದಂತೆ ತೋರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಹಲವು ನಗರಗಳಲ್ಲಿ ತಲೆದೋರಿದ ಬಾಡಿಗೆ ನಿಯಂತ್ರಣವು ಇಲ್ಲಿ 1961ರ ಕಾಯ್ದೆಯಲ್ಲಿ ಗಟ್ಟಿಯಾದ ರೂಪ ಪಡೆಯಿತು. ನ್ಯಾಯಯುತ ಬಾಡಿಗೆಯನ್ನು ಗೊತ್ತುಪಡಿಸುವ ಅವಕಾಶವನ್ನು ಅದು ಕಲ್ಪಿಸಿತಲ್ಲದೆ, ಕಾಯ್ದೆಯಲ್ಲಿ ಹೇಳಿದ ಕಾರಣಗಳನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸದ ಹೊರತು ಬಾಡಿಗೆದಾರನನ್ನು ಹೊರಹಾಕುವಂತಿಲ್ಲವೆಂದು ವಿಧಿಸಿತು. ಬಾಡಿಗೆ ಏರದು, ಮನೆಯೂ ಬೇಗ ಕೈಗೆ ಬಾರದು ಎಂಬ ಅಂಜಿಕೆಯಲ್ಲಿದ್ದ ಮಾಲೀಕನಿಗೆ ಕೈಯಲ್ಲಿರುವ ದೊಡ್ಡ ಮೊತ್ತವೇ ಭದ್ರತೆಯಾಯಿತು. ಸಾಲ ಸುಲಭವಾಗಿ ಹುಟ್ಟದ ದಿನಗಳಲ್ಲಿ ಅದು ಮೇಲೊಂದು ಅಂತಸ್ತು ಕಟ್ಟುವ ಬಂಡವಾಳವೂ ಆಗಬಹುದಿತ್ತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂದಾಗ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ವ್ಯಾಪ್ತಿಯಿಂದ ಹೊರಗುಳಿದವು. ಅಂಜಿಕೆಯ ಕಾರಣ ಬಹುಮಟ್ಟಿಗೆ ಕಳೆದರೂ ಮುಂಗಡ ಮಾತ್ರ ಕರಗಲಿಲ್ಲ.

ಕರಾರುಪತ್ರವನ್ನು ಹನ್ನೊಂದು ತಿಂಗಳಿಗೇ ಬರೆಯುವ ವಾಡಿಕೆಯ ಮೂಲ ಬೇರೆ: ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಶುಲ್ಕ ಉಳಿಸಲು ಕಂಡುಕೊಂಡ ದಾರಿ ಅದು.

ಮುಂಗಡಕ್ಕಿಂತ ಹಳೆಯದೂ ಕುತೂಹಲಕರವೂ ಆದುದು ಭೋಗ್ಯ. ಇದರಲ್ಲಿ ತಿಂಗಳ ಬಾಡಿಗೆಯೇ ಇರುವುದಿಲ್ಲ. ಕೆಲವು ಲಕ್ಷಗಳನ್ನು ಒಮ್ಮೆಗೇ ಕೊಟ್ಟು ಎರಡು ಮೂರು ವರ್ಷ ವಾಸವಿದ್ದವರು ಅವಧಿ ಮುಗಿದಾಗ ಅಸಲನ್ನು ಪೂರ್ತಿ ಹಿಂಪಡೆಯುತ್ತಾರೆ, ಹಣದ ಬಡ್ಡಿಯೂ ಮನೆಯ ಬಾಡಿಗೆಯೂ ಒಂದಕ್ಕೊಂದು ವಜಾ ಆಗುತ್ತವೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನದಲ್ಲಿ ಅಡವನ್ನು ಎರಡು ಬಗೆಯಾಗಿ ಕಾಣುತ್ತೇವೆ: ಸಾಲಿಗನು ಕಾಪಾಡಬೇಕಾದ, ಬಳಸಿದರೆ ಬಡ್ಡಿ ಕಳೆದುಕೊಳ್ಳುವ ಗೋಪ್ಯ ಒಂದು, ಹೊಲದಂತೆ ಫಲವನ್ನು ಸಾಲಿಗನೇ ಅನುಭವಿಸಬಹುದಾದ ಭೋಗ್ಯ ಇನ್ನೊಂದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಈ ಎರಡನೆಯ ಬಗೆಯನ್ನು ಅಡಮಾನವೆಂದೇ ಪರಿಗಣಿಸುತ್ತದೆ. ಹೀಗೆ ನೋಡಿದರೆ ಭೋಗ್ಯದ ಮನೆಯಲ್ಲಿರುವವನು ಬಾಡಿಗೆದಾರನಲ್ಲ, ಮಾಲೀಕನಿಗೆ ಸಾಲ ಕೊಟ್ಟವನು. ಆದರೆ ಆ ಹಕ್ಕು ನಿಲ್ಲಬೇಕಾದರೆ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲದ ಇಂಥ ಅಡಮಾನಪತ್ರ ನೋಂದಣಿಯಾಗಿರಬೇಕು. ಬರೀ ಛಾಪಾಕಾಗದದ ಮೇಲೆ ಕರಾರು ಬರೆಸಿಕೊಂಡವರು, ಅದೇ ಮನೆ ಬ್ಯಾಂಕಿಗೂ ಅಡವಾಗಿದ್ದು ಹರಾಜಿಗೆ ಬಂದರೆ, ತಮ್ಮ ಹಣಕ್ಕಾಗಿ ಪರದಾಡಬೇಕಾಗುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆಯಾದರೂ, ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬೇಡಿಕೆ ಈಚೆಗೆ ಎಷ್ಟೋ ಕಡೆ ಐದಾರಕ್ಕೆ ಇಳಿದಿದೆ. ಮನೆ ಬಿಡುವಾಗ ಸುಣ್ಣಬಣ್ಣದ ಬಾಬತ್ತೆಂದು ಅದರಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ.